ಒಂದು ಕಾಯಿಯ ಭಾರ

ಬುದ್ಧಿ ಬಂದ ಮೇಲೆ ಅಕ್ಕನ ತುರುಬನ್ನು ಬೇರೆಯವರು ಕಟ್ಟಿದ್ದು ಒಂದೇ ಒಂದು ಮಳೆಗಾಲ. ಕಟ್ಟಿದವಳು ನಾನು. ಹೋದ ತಿಂಗಳು ಅವರು ತೀರಿಕೊಂಡಾಗ ಬಂದವರೆಲ್ಲ ಅವರ ತೋಟದ ಮಾತಾಡಿದರು, ಕೊಬ್ಬರಿಯ ಮಾತಾಡಿದರು, ನಾಲಿಗೆಯ ಮಾತನ್ನಂತೂ ಸತ್ತವರೆಂಬ ದಾಕ್ಷಿಣ್ಯವೂ ಇಲ್ಲದೆ ಆಡಿದರು. ಮದರಾಸಿನಲ್ಲಿ ಎದೆ ತೆರೆಸಿಕೊಂಡು ಬಂದು ಮತ್ತೆ ಅಟ್ಟ ಹತ್ತಿದ ಗಟ್ಟಿಗಿತ್ತಿ ಎಂದು ಹೊಗಳಿದರು. ತುರುಬಿನ ಸುದ್ದಿ ಮಾತ್ರ ಯಾರೂ ಎತ್ತಲಿಲ್ಲ. ಅದನ್ನು ಹೇಳುವ ಕೆಲಸ ನನ್ನದು.

ನಾನು ಬಿಳಿಗೆರೆಯ ಪಕ್ಕದ ಊರಿಗೆ ಶಾಲೆಯ ಉಪಾಧ್ಯಾಯಿನಿಯಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಜಗಲಿಗೆ ಸೇರಿದ ಕೋಣೆ. ಅವರಿಗೆ ಆಗ ನಲವತ್ತರ ಆಚೀಚೆ ವಯಸ್ಸು. ಮದುವೆಯಾದ ಹೊಸತರಲ್ಲೇ ಗಂಡ ತೀರಿಕೊಂಡಿದ್ದರಿಂದ ತವರಿಗೆ ಬಂದವರು, ಚಿಕ್ಕ ತಮ್ಮನನ್ನೂ ಸೊರಗಿದ್ದ ತೋಟವನ್ನೂ ಒಟ್ಟಿಗೆ ಬೆಳೆಸಿದರು. ಊರಿಗೆಲ್ಲ ಅಕ್ಕ, ನನಗೂ ಅಕ್ಕ. ತಮ್ಮನಿಗೆ ಮದುವೆಯಾಗಿದ್ದರೂ ಯಜಮಾನಿಕೆ ಅಕ್ಕನ ಕೈಯಲ್ಲೇ ಇತ್ತು. ತಿಪಟೂರಿನ ಪೇಟೆಗೆ ಹೋಗಿ ಕೊಬ್ಬರಿ ಮಾರಿ ಬರುವುದು ತಮ್ಮನ ಕೆಲಸ, ಉಳಿದದ್ದೆಲ್ಲ ಅಕ್ಕನದು. ನನ್ನನ್ನು ಅವರು ಮೊದಲ ದಿನದಿಂದಲೇ ಮೇಷ್ಟ್ರಮ್ಮ ಎಂದು ಕರೆದರು. ಗೋಡೆಗೆ ಒಂದು ಮೊಳೆ ಹೊಡೆದುಕೊಳ್ಳಲೇ ಎಂದು ಕೇಳಿದ್ದಕ್ಕೆ ಸುತ್ತಿಗೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾವೇ ಹೊಡೆದರು. ಮಾಸ್ತರಿಕೆ ಮಾಡುವವರ ಕೈಗೆ ಮೊಳೆ ನೆಟ್ಟಗೆ ನಿಲ್ಲುವುದಿಲ್ಲವಂತೆ. ನನಗೆ ಸಿಟ್ಟು ಬೇಗ. ಅವರಿಗೆ ನನಗಿಂತ ಬೇಗ. ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು.

ಅಕ್ಕನ ಕೂದಲು ದಟ್ಟ, ಸೊಂಟ ದಾಟುವಷ್ಟು ಉದ್ದ. ಅವರ ಮಾತಿಗೆ ಎಷ್ಟು ಬೆಲೆಯಿತ್ತೋ ತುರುಬಿಗೂ ಅಷ್ಟೇ ಇತ್ತು. ಆಳಿಗೆ ಬೈಯುವ ಮುಂಚೆ ತುರುಬು ಬಿಚ್ಚಿ, ತಲೆಯನ್ನೊಮ್ಮೆ ಒದರಿ, ಎರಡೂ ಕೈ ಎತ್ತಿ ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದರು. ಕಟ್ಟಿ ಮುಗಿಯುವಷ್ಟರಲ್ಲಿ ಎದುರಿಗೆ ನಿಂತವನು ತನ್ನ ತಪ್ಪನ್ನು ತಾನೇ ಒಪ್ಪಿಕೊಂಡಿರುತ್ತಿದ್ದ. ಇನ್ನು ತುರುಬಿನ ಮೇಲೆ ಅಂಗೈಯಿಂದ ಒಂದು ಸಲ ತಟ್ಟಿದರೆಂದರೆ ಮಾತು ಮುಗಿಯಿತೆಂದೇ ಅರ್ಥ, ಅದರಾಚೆಗೆ ತಮ್ಮನೂ ಬಾಯಿ ಬಿಡುತ್ತಿರಲಿಲ್ಲ. ಬದುವಿನ ಜಗಳಕ್ಕೆ ನ್ಯಾಯ ಕೇಳಲು ಬಂದವರು ಅಕ್ಕನ ಮುಖ ನೋಡುತ್ತಿರಲಿಲ್ಲ, ಕೈ ಯಾವಾಗ ತಲೆಗೆ ಹೋದೀತೆಂದು ನೋಡುತ್ತಿದ್ದರು. ಎಣ್ಣೆ ಸ್ನಾನದ ದಿನ ಕೂಡ ಆ ತಲೆಗೆ ತಮ್ಮನ ಹೆಂಡತಿಯ ಕೈ ಸೋಕುವಂತಿರಲಿಲ್ಲ. ಒಮ್ಮೆ ನಾನು ಬಾಚಲು ಹೋದಾಗ, ನನ್ನ ತಲೆ ನನ್ನ ಕೈಗೇ ಗೊತ್ತು ಬುಡಿ ಅಂದಿದ್ದರು.

ಅವರಿಗೆ ಮೇಲುಸಿರು ಬರುವುದನ್ನು ನಾನು ಮೊದಲು ಕಂಡದ್ದು ಅಟ್ಟದ ಏಣಿಯ ಮೇಲೆ. ನಮ್ಮ ಕಡೆ ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಅಟ್ಟದ ಮೇಲಿನ ಕಾಯಿ ನೋಡಲು ಹತ್ತುವ ಅಕ್ಕ ನಡು ಏಣಿಯಲ್ಲಿ ನಿಂತು, ಬಿದಿರಿಗೆ ಗೆದ್ದಲು ಹತ್ತಿದೆಯೇ ಎಂದು ನೋಡುವವರಂತೆ ನಟಿಸುತ್ತಿದ್ದರು. ಆ ಏಣಿಗೆ ಗೆದ್ದಲು ಗಿದ್ದಲು ಏನೂ ಹತ್ತಿರಲಿಲ್ಲ. ಒಂದು ದಿನ ತುಟಿ ನೀಲಿಯಾದದ್ದನ್ನು ಕಂಡು ತಮ್ಮ ಹಟ ಹಿಡಿದು ತಿಪಟೂರಿನ ಡಾಕ್ಟರ ಬಳಿ ಕರೆದೊಯ್ದ. ಅಕ್ಕನಿಗೆ ಚಿಕ್ಕವರಿದ್ದಾಗ ಕೀಲುಕೀಲೆಲ್ಲ ಊದಿ ಜ್ವರ ಬಂದಿತ್ತು, ಅದು ಆಗಲೇ ಹೃದಯದ ಒಂದು ಕವಾಟವನ್ನು ಕೆಡಿಸಿತ್ತಂತೆ. ಈಗ ಅದು ಮುದುಡಿಕೊಂಡು ಸರಿಯಾಗಿ ತೆರೆಯುತ್ತಿಲ್ಲ, ಎದೆ ತೆರೆದು ಹೊಸ ಕವಾಟ ಕೂರಿಸಬೇಕು, ಅದಕ್ಕೆ ಮದರಾಸಿಗೇ ಹೋಗಬೇಕು ಎಂದರು ಡಾಕ್ಟರು. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅಂಥ ಆಪರೇಷನ್ನು ಮಾಡಿಸಿಕೊಂಡು ಬಂದವರನ್ನು ಯಾರೂ ಕಂಡಿರಲಿಲ್ಲ. ಹೆಂಗಸರ ವಾರ್ಡಿನಲ್ಲಿ ತಮ್ಮನನ್ನು ಇರಗೊಡುವುದಿಲ್ಲ, ಅವನ ಹೆಂಡತಿ ಬಾಣಂತಿ. ನನಗೆ ಬೇಸಿಗೆ ರಜೆ. ನಾನೇ ಹೊರಟೆ.

ಆಪರೇಷನ್ನಿನ ಬೆಳಿಗ್ಗೆ ಕೊರಳಿನ ಲಿಂಗ ತೆಗೆಯಬೇಕೆಂದು ದಾದಿ ಹೇಳಿದಾಗ ಅಕ್ಕ ಒಪ್ಪಲಿಲ್ಲ. ಅದು ದೇಹ ಬಿಟ್ಟು ಇರುವಂತಿಲ್ಲ ಎಂದು ಕನ್ನಡದಲ್ಲಿ ಅವರು, ಅದೇನು ಸಾಧ್ಯವಿಲ್ಲವೆಂದು ತಮಿಳಿನಲ್ಲಿ ಆಕೆ. ಕೊನೆಗೆ ದೊಡ್ಡ ಡಾಕ್ಟರೇ ಬಂದು ಶುದ್ಧ ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಸಿದರು. ಒಳಗೆ ಹೋಗುವಾಗ ನನ್ನ ಕಡೆ ತಿರುಗಿ ಅಕ್ಕ ಹೇಳಿದ ಮಾತು, ತೆಂಕಣ ಸಾಲಿನ ಸಸಿಗಳಿಗೆ ನೀರು ಬಿಟ್ಟರೋ ಇಲ್ಲವೋ ತಮ್ಮನಿಗೆ ಒಂದು ಕಾಗದ ಹಾಕಿ ಕೇಳಿ, ಎಂದು. ನಾನು ಮಾತ್ರ ಆ ದಿನವಿಡೀ ಬೆಂಚಿನ ಮೇಲೆ ಕೂತು ಗೊತ್ತಿದ್ದ ದೇವರನ್ನೆಲ್ಲ ಕರೆದೆ.

ಎಚ್ಚರವಾಗಿ, ವಾರ್ಡಿಗೆ ಬಂದು, ನಾಲ್ಕು ಹೆಜ್ಜೆ ಇಡುವಂತಾದ ಮೇಲೆ ವ್ಯಾಯಾಮ ಕಲಿಸುವ ಹೆಣ್ಣುಮಗಳೊಬ್ಬಳು ಬಂದಳು. ಕೋಲಾರದ ಕಡೆಯವಳು, ಕನ್ನಡ ಬರುತ್ತಿತ್ತು. ಎದೆಯ ನಡುಮೂಳೆಯನ್ನು ಸೀಳಿ ತಂತಿಯಿಂದ ಹೊಲಿದಿದ್ದಾರೆ, ಅದು ಕೂಡುವವರೆಗೆ ಎದೆ ಅಗಲಿಸುವ ಯಾವ ಕೆಲಸವನ್ನೂ ಮಾಡಬಾರದು ಎಂದು ಬಿಡಿಸಿ ಹೇಳಿದಳು. ಕೈ ಊರಿ ಏಳಬಾರದು, ಪಕ್ಕಕ್ಕೆ ಹೊರಳಿ ಕಾಲು ಇಳಿಬಿಟ್ಟು ಏಳಬೇಕು. ಯಾರೂ ಕೈ ಹಿಡಿದು ಎಳೆಯಬಾರದು. ಬಾಗಿಲು ನೂಕಬಾರದು, ಬಾವಿ ಹಗ್ಗ ಎಳೆಯಬಾರದು. ಕೆಮ್ಮು ಬಂದರೆ ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಬೇಕು. ಕೈಗಳು ಭುಜದಿಂದ ಮೇಲೆ ಹೋಗಕೂಡದು. ಇಷ್ಟರವರೆಗೆ ತಲೆಯಾಡಿಸುತ್ತಿದ್ದ ಅಕ್ಕ ಇಲ್ಲಿ ನಿಲ್ಲಿಸಿದರು. ಹಾಗಾದರೆ ತಲೆ ಬಾಚಿಕೊಳ್ಳುವುದು ಹೇಗೆ ಎಂದು ಕೇಳಿದರು. ಇವರಿದ್ದಾರಲ್ಲ, ಬಾಚುತ್ತಾರೆ, ಎಂದು ಆಕೆ ನನ್ನನ್ನು ತೋರಿಸಿದಳು. ಅಕ್ಕ ನನ್ನನ್ನು ನೋಡಿದ ನೋಟದಲ್ಲಿ ಎದೆ ಸೀಳಿದ ಡಾಕ್ಟರ ಮೇಲೂ ಇರದಿದ್ದ ಸಿಟ್ಟಿತ್ತು.

ಭಾರ ಎತ್ತುವ ಮಾತು ಬಂದಾಗ, ನಾವು ತೆಂಗಿನ ಸೀಮೆಯವರೆಂದು ತಿಳಿದು, ಪಾಪ, ಆಕೆ ನಮಗೆ ಅರ್ಥವಾಗಲೆಂದೇ ಹೇಳಿದಳು: ಒಂದು ತೆಂಗಿನಕಾಯಿಗಿಂತ ಹೆಚ್ಚು ಎತ್ತಬಾರದು. ಆ ಮಾತನ್ನು ತಿಪಟೂರಿನ ಕಡೆಯವರಿಗೆ ಹೇಳಬಾರದಿತ್ತು. ಯಾವ ಕಾಯಿ ಎಂದು ಅಕ್ಕ ಕೇಳಿದರು. ಎಳನೀರೋ, ಸಿಪ್ಪೆಯ ಕಾಯೋ, ಸುಲಿದ ಕಾಯೋ, ಅಟ್ಟದಿಂದ ಇಳಿಸಿದ ಒಣ ಕಾಯೋ, ಒಂದೊಂದರ ಭಾರ ಒಂದೊಂದು ಥರ. ಆಕೆ ನಕ್ಕು, ಸುಲಿದ ಕಾಯಿ ಅಂದಳು. ಜುಟ್ಟು ಬಿಟ್ಟದ್ದೋ ತೆಗೆದದ್ದೋ ಎಂದು ಇನ್ನೊಂದು ಪ್ರಶ್ನೆ ಬಂತು. ವಾರ್ಡಿನಲ್ಲಿದ್ದವರೆಲ್ಲ ನಕ್ಕರು. ಅಕ್ಕ ನಗಲಿಲ್ಲ, ಅವರು ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು.

ತಿಪಟೂರು ಸ್ಟೇಷನ್ನಿನಿಂದ ತಮ್ಮ ಬಾಡಿಗೆ ಕಾರಿನಲ್ಲಿ ಮೆಲ್ಲಗೆ ಕರೆತಂದ. ಅಕ್ಕ ದಿಂಬು ಅವುಚಿಕೊಂಡೇ ಕಿಟಕಿಯಿಂದ ಕಂಡವರ ತೋಟದ ಸುಳಿಗೆಲ್ಲ ದುಂಬಿ ಹತ್ತಿದೆ ಎಂದು ಬೈದರು. ಮನೆಗೆ ಬಂದರೆ ಮಂಚ ಹಾಕಿತ್ತು. ಮಂಚದ ಮೇಲೆ ಮಲಗಿ ಅಭ್ಯಾಸವಿಲ್ಲದ ಅವರು ಅದನ್ನು ಹೆಣದ ಚಟ್ಟವೆಂದು ಕರೆದರು. ಮರುದಿನ ಬೆಳಿಗ್ಗೆ ನಾನು ಬಾಚಣಿಗೆ ಹಿಡಿದು ಹಿಂದೆ ಕೂತೆ. ಇಡೀ ಹೊತ್ತು ಗೋಡೆ ನೋಡಿಕೊಂಡು ಕೂತಿದ್ದರು. ಕಟ್ಟಿ ಮುಗಿಸಿದ ಮೇಲೆ ಒಂದು ಕೈಯನ್ನು ಕಿವಿಯವರೆಗೆ ಒಯ್ಯಲು ಹೋದರು, ನಾನು ಗದರಿದೆ. ಕೈ ಕೆಳಗಿಳಿಯಿತು. ತಮ್ಮನ ಹೆಂಡತಿಯಿಂದ ಕನ್ನಡಿ ಹಿಡಿಸಿ ನೋಡಿ, "ಇದೇನು ತುರುಬೇನ್ರೀ, ಬೆರಣಿ ತಟ್ಟಿ ಮೆತ್ತಿದಂಗೈತೆ" ಎಂದರು. ಆಮೇಲೆ ನಾನು ದಿನಾ ಬಾಚಿದೆ, ಅವರು ದಿನಾ ಬೈದರು.

ನೋಡಲು ಬಂದ ಹೆಂಗಸೊಬ್ಬಳು, ಇಷ್ಟುದ್ದ ಕೂದಲು ಯಾಕೆ, ಕತ್ತರಿಸಿಬಿಟ್ಟರೆ ಸಲೀಸಲ್ಲವೇ ಎಂದಳು. ತಲೆಯನ್ನೇ ಕತ್ತರಿಸಿ ಅತ್ಲಾಗೆ ಎಂದರು ಅಕ್ಕ. ಆಕೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ತಗ್ಗಿದ ದನಿಯಲ್ಲಿ, ನನ್ನೊಬ್ಬಳಿಗೇ ಹೇಳುವ ಗುಟ್ಟಿನಂತೆ ಹೇಳಿದರು: "ಡಾಕ್ಟ್ರು ವಾಸಿ ಆಯ್ತು ಅಂದ್ರೆ ನಾನು ನಂಬಲ್ಲ ಮೇಷ್ಟ್ರಮ್ಮ. ನನ್ನ ತುರುಬ ನಾನು ಕಟ್ಕಂಡ ದಿನ ವಾಸಿ ಆಯ್ತು. ಅಲ್ಲೀಗಂಟ ನಾನು ಈ ಮನೇಲಿ ಬರೀ ಬಾಯಿ."

ಆ ಮಾತು ನನಗೆ ನಾಟಿತು. ಅಂದಿನಿಂದ ನಾನು ಜೈಲರಾದೆ. ಬಂದ ನೆಂಟರು ಮೊದಲು ಮಾಡುವುದೇ ಕುತ್ತಿಗೆಗೆ ಜೋತುಬಿದ್ದು ಅಳುವುದು. ನಾನು ಅಡ್ಡ ನಿಂತು, ಅಳುವುದಾದರೆ ಮೊಳದ ದೂರದಲ್ಲಿ ಕೂತು ಅಳಿ ಎನ್ನುತ್ತಿದ್ದೆ. ದಂಡಿನಶಿವರದಿಂದ ಬಂದ ಅವರ ದೊಡ್ಡಮ್ಮ, ಏಳವ್ವ ಎಂದು ಎರಡೂ ಕೈ ಹಿಡಿದು ಜಗ್ಗಲು ಬಂದಾಗ ನಾನು ಹಾಕಿದ ಕೂಗಿಗೆ ಹಟ್ಟಿಯ ದನ ಬೆದರಿದವು. ದೊಡ್ಡಮ್ಮ ನನ್ನನ್ನು ಕೊನೆವರೆಗೂ ಕ್ಷಮಿಸಲಿಲ್ಲ. ಉಸಿರಿನ ವ್ಯಾಯಾಮಕ್ಕೆ ಆಸ್ಪತ್ರೆಯಲ್ಲಿ ಬಾಟಲಿಯ ನೀರಿಗೆ ಕೊಳವೆಯಿಂದ ಊದಿಸುತ್ತಿದ್ದರು. ಇಲ್ಲಿ ಹಿತ್ತಿಲ ಪರಂಗಿ ಗಿಡದ ಎಲೆದಂಟು ಕತ್ತರಿಸಿ ಚೆಂಬಿಗೆ ಇಟ್ಟೆ. ಅಕ್ಕ ಗುಳುಗುಳು ಊದುತ್ತಲೇ ಆಳುಗಳಿಗೆ ಕಣ್ಣಲ್ಲೇ ಕೆಲಸ ಹೇಳುತ್ತಿದ್ದರು. ಎದೆಯೊಳಗಿನ ಹೊಸ ಕವಾಟ ಟಿಕ್ ಟಿಕ್ ಎನ್ನುವುದು ಹತ್ತಿರ ಕೂತವರಿಗೆ ಕೇಳುತ್ತಿತ್ತು. ಮದರಾಸಿನವರು ಒಳಗೆ ವಾಚು ಮರೆತು ಹೊಲಿದವರೆ ಎಂದು ಅವರೇ ಊರಿಗೆಲ್ಲ ಹೇಳಿ ನಗಿಸಿದರು.

ನಡಿಗೆಯದೇ ದೊಡ್ಡ ಪೀಕಲಾಟ. ದಿನಾ ಇಷ್ಟಿಷ್ಟೇ ದೂರ ಹೆಚ್ಚಿಸುತ್ತ ನಡೆಯಬೇಕು ಎಂದಿದ್ದರು. ಆದರೆ ನಮ್ಮ ಹಳ್ಳಿಯಲ್ಲಿ ಕೆಲಸವಿಲ್ಲದೆ ನಡೆಯುವುದು ಎಂಬುದೊಂದು ಉಂಟೇ? ಎದುರಾದ ಪ್ರತಿಯೊಬ್ಬರೂ ಎತ್ಲಾಗೆ ಹೊಂಟಿದ್ದು ಎಂದು ಕೇಳುತ್ತಾರೆ. ಎಲ್ಲಿಗೂ ಇಲ್ಲ, ಸುಮ್ಮನೆ ನಡೀತಿದೀನಿ ಎಂದರೆ ತಲೆ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಅಕ್ಕನಿಗೆ ಆ ಉತ್ತರ ಕೊಡಲು ಪ್ರಾಣ ಹೋಗುತ್ತಿತ್ತು. ಅದಕ್ಕೆ ಒಂದು ಖಾಲಿ ಕುಕ್ಕೆ ಹಿಡಿದು ಹೊರಟರು. ಕುಕ್ಕೆ ಹಿಡಿದವರು ಎಲ್ಲಿಗೋ ಹೊರಟಿರಲೇಬೇಕು. ಆದರೆ ಖಾಲಿ ಕುಕ್ಕೆ ಕಂಡವರು ಸುಮ್ಮನಿದ್ದಾರೆಯೇ? ಒಬ್ಬರು ನಾಲ್ಕು ಬದನೆಕಾಯಿ ಹಾಕಿದರು, ಇನ್ನೊಬ್ಬರು ಹಿಡಿ ಬೆಂಡೆಕಾಯಿ, ಮತ್ತೊಬ್ಬರು ಒಂದು ಕುಂಬಳಕಾಯನ್ನೇ ಇಟ್ಟರು. ಹಿಂದೆ ಬರುತ್ತಿದ್ದ ನಾನು ಕುಕ್ಕೆ ಹೊರುವವಳಾದೆ. ದಿನಾ ಸಂಜೆ ಹೀಗೇ ಆಯಿತು. ನಾವಿಬ್ಬರೂ ಆ ಮಳೆಗಾಲ ತರಕಾರಿ ಕೊಳ್ಳಲಿಲ್ಲ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕೆಟ್ಟದ್ದು ಕಾಯಿ ಅಟ್ಟಕ್ಕೇರಿಸುವ ದಿನ.

ಆ ಕೆಲಸಕ್ಕೆ ಒಂದು ಕ್ರಮವಿದೆ. ಅಂಗಳದ ರಾಶಿಯಿಂದ ಏಣಿಯ ತುದಿಯವರೆಗೆ ಆಳುಗಳು ಸಾಲಾಗಿ ನಿಲ್ಲುತ್ತಾರೆ. ಮೊದಲಿನವರು ಕಾಯಿ ಎತ್ತಿ ಪಕ್ಕಕ್ಕೆ ತೂರುತ್ತಾರೆ, ಅವರು ಹಿಡಿದು ಮುಂದಿನವರಿಗೆ, ಹೀಗೆ ಕೈಯಿಂದ ಕೈಗೆ ಕಾಯಿ ಓಡುತ್ತ ಅಟ್ಟ ಸೇರುತ್ತದೆ. ಯಾರ ಕೈಯಲ್ಲೂ ಒಂದು ಕಾಯಿಗಿಂತ ಹೆಚ್ಚು ಇರುವುದಿಲ್ಲ. ಆ ದಿನ ತಮ್ಮ ತಿಪಟೂರಿಗೆ ಹೋಗಿದ್ದ, ನಾನು ಶಾಲೆಯಲ್ಲಿದ್ದೆ. ಏಣಿಯ ಬುಡದಲ್ಲಿ ನಿಲ್ಲುವ ಕೆಂಪಮ್ಮನಿಗೆ ಜ್ವರವೆಂದು ಅವಳು ಬಂದಿರಲಿಲ್ಲ. ಸಾಲು ತುಂಡಾಗಿತ್ತು, ಕಾಯಿ ನೆಲಕ್ಕೆ ಬೀಳುತ್ತಿತ್ತು. ಮೋಡ ಬೇರೆ ಕವಿದಿತ್ತು. ಒಣಗಿದ ರಾಶಿ ನೆನೆದರೆ ಅಟ್ಟದಲ್ಲಿ ಕಾಯಿ ಕೊಳೆಯುತ್ತದೆ. ಮಂಚದ ಮೇಲೆ ಕೂತು ನೋಡುತ್ತಿದ್ದ ಅಕ್ಕ ದಿಂಬು ಪಕ್ಕಕ್ಕಿಟ್ಟು, ಎದ್ದು, ಹೋಗಿ ಕೆಂಪಮ್ಮನ ಜಾಗದಲ್ಲಿ ನಿಂತರು. ತಡೆಯುವ ಧೈರ್ಯ ಯಾರಿಗಿತ್ತು?

ನಾನು ಶಾಲೆ ಮುಗಿಸಿ ಬರುವ ಹೊತ್ತಿಗೆ ಅಂಗಳ ಖಾಲಿ, ಅಟ್ಟ ಭರ್ತಿ, ಅಕ್ಕ ಮಂಚದ ಮೇಲೆ. ಏನಾಯಿತೆಂದು ತಿಳಿದು ನಾನು ಬೈಯಲು ಶುರು ಮಾಡಿದರೆ ಅವರದು ಒಂದೇ ವಾದ. "ಒಂದು ಕಾಯಿ ಅಂದ್ಲು ಆ ಹುಡುಗಿ. ಒಂದು ಬಂತು, ಒಂದು ಹೋಯ್ತು. ಕೈಯಾಗೆ ಎರಡು ಹಿಡಿದಿದ್ರೆ ಕೇಳಿ." ತೂರಿ ಬಂದ ಕಾಯನ್ನು ಎದೆಯ ಮುಂದೆ ಹಿಡಿದು, ಸೊಂಟ ತಿರುಗಿಸಿ, ಮೇಲಕ್ಕೆ ಎಸೆದ ಲೆಕ್ಕ ಆ ಒಂದು ಕಾಯಿಯ ಲೆಕ್ಕದಲ್ಲಿ ಸೇರಲಿಲ್ಲ. ಸುಳ್ಳು ಹೇಳುತ್ತಿರಲಿಲ್ಲ ಅವರು. ಮಾತು ಮೀರಿಲ್ಲವೆಂದೇ ಪೂರ್ತಿಯಾಗಿ ನಂಬಿದ್ದರು. ಅಷ್ಟರಲ್ಲಿ ಒಂದು ಕೆಮ್ಮು ಬಂತು. ದಿಂಬು ದೂರದಲ್ಲಿತ್ತು. ಕೆಮ್ಮಿದ ಮೇಲೆ ಅವರ ಮುಖ ಬದಲಾಯಿತು. ಮೆಲ್ಲಗೆ ನನ್ನ ಕೈ ಹಿಡಿದು ಎದೆಯ ನಡುವೆ ಇಟ್ಟುಕೊಂಡು ಇನ್ನೊಂದು ಸಲ ಬೇಕೆಂದೇ ಕೆಮ್ಮಿದರು. ನನ್ನ ಅಂಗೈ ಕೆಳಗೆ ಮೂಳೆ ಸಣ್ಣಗೆ ಕಟಕ್ಕೆಂದು ಜರುಗಿತು. ಕವಾಟದ ಟಿಕ್ ಟಿಕ್ ಅಲ್ಲ ಅದು, ಬೇರೆ ಸದ್ದು.

ತಿಪಟೂರಿನ ಡಾಕ್ಟರು ಮುಟ್ಟಿ ನೋಡಿದರು. ಕೂಡುತ್ತಿದ್ದ ಮೂಳೆ ಸಡಿಲಾಗಿದೆ, ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿ, ಕೈಗಳನ್ನು ಮೈಗೆ ಅಂಟಿಸಿಕೊಂಡು ಮೊದಲಿನಿಂದ ಶುರು ಮಾಡಿ ಎಂದರು. ಹಾಗೂ ಕೂಡದಿದ್ದರೆ ಮತ್ತೆ ಮದರಾಸು, ಮತ್ತೆ ತೆರೆಯುವುದು, ಮತ್ತೆ ತಂತಿ. ಕೈ ಮತ್ತೆ ಪೂರ್ತಿ ಮೇಲೆ ಹೋಗುತ್ತದೆಂದು ಆಗ ಹೇಳಲಾಗುವುದಿಲ್ಲ ಎಂದೂ ಸೇರಿಸಿದರು. ಅಕ್ಕ ಒಂದೇ ಪ್ರಶ್ನೆ ಕೇಳಿದರು, ಅಲ್ಲಾಡಿಸದೆ ಇದ್ದರೆ ಕೂಡುತ್ತದೆಯೇ ಎಂದು. ಕೂಡಬೇಕು ಎಂದರು ಡಾಕ್ಟರು. ವಾಪಸು ಬರುವಾಗ ಅಕ್ಕ ಯಾರ ತೋಟವನ್ನೂ ಬೈಯಲಿಲ್ಲ. ಮನೆಗೆ ಬಂದು ಮಂಚದ ಮೇಲೆ ಕೂತು ನನಗೆ ಹೇಳಿದರು, "ತಿರ್ಗಾ ಕುಯ್ಯಿಸ್ಕಳಕ್ಕೆ ನಂಗೆ ಧೈರ್ಯ ಇಲ್ಲ ಕಣ್ರೀ. ಸಾಯಕ್ಕಲ್ಲ. ಈ ಕೈ ಹಿಂಗೇ ಉಳಿದ್ರೆ ಅಂತ."

ಧೈರ್ಯ ಇಲ್ಲ ಎಂಬ ಮಾತು ಆ ಬಾಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಹೊರಗೆ ಹೋಗಿ ಹಟ್ಟಿಯ ಹಿಂದೆ ನಿಂತು ಅತ್ತೆ. ಸಿಟ್ಟೂ ಬಂದಿತ್ತು, ಪ್ರೀತಿಯೂ ಉಕ್ಕಿತ್ತು, ಎರಡರಲ್ಲಿ ಯಾವುದಕ್ಕೆ ಅತ್ತೆನೋ ಗೊತ್ತಿಲ್ಲ. ಆಮೇಲೆ ಮುಖ ತೊಳೆದುಕೊಂಡು ಬಂದು ಒಂದು ಹಳೆಯ ನೂಲಿನ ಸೀರೆಯನ್ನು ಮಡಿಸಿ ಎದೆಗೆ ಬಿಗಿದೆ.

ಅಲ್ಲಿಂದ ಮುಂದೆ ನಾನು ಕಂಡ ಅಕ್ಕನೇ ಬೇರೆ. ಎಷ್ಟು ಹಟದಿಂದ ಓಡಾಡಿದ್ದರೋ ಅಷ್ಟೇ ಹಟದಿಂದ ಕೂತರು. ಚೆಂಬು ತುಟಿಗೆ ಹಿಡಿದು ಕುಡಿಸಬೇಕಾಯಿತು, ಕುಡಿದರು. ಬೆನ್ನಿನ ಮೇಲೆ ನೊಣ ಕೂತರೆ ತಮ್ಮನ ದೊಡ್ಡ ಮಗಳನ್ನು ಕರೆದು ಓಡಿಸಿದರು. ಕೆಮ್ಮು ಬರುವ ಮುಂಚೆಯೇ ದಿಂಬು ಅವುಚಿಕೊಳ್ಳುತ್ತಿದ್ದರು. ಬಾಚುವಾಗ ಬೈಗುಳವೂ ನಿಂತಿತು. ಅದು ನನಗೆ ಸಹಿಸಲಾಗದೆ, ನಾನೇ ಬೇಕೆಂದು ತುರುಬನ್ನು ಸೊಟ್ಟಗೆ ಕಟ್ಟಿ ಬೈಸಿಕೊಳ್ಳಲು ನೋಡಿದೆ. ಬೈಯಲಿಲ್ಲ. ದಿನಾ ಬಂದು ಅಕ್ಕಾ, ಹೇಗಿದೆ, ಕೂಡಿತಾ ಎಂದು ತಮ್ಮ ಕೇಳುತ್ತಿದ್ದ, ಅವನಿಗೆ ನಿದ್ದೆ ಇಲ್ಲ. ಒಂದು ದಿನ ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು: "ಕಾಯಿ ವರ್ಸೊಪ್ಪತ್ತು ಅಟ್ಟದ ಮ್ಯಾಲಿರ್ತಾವಲ್ಲ, ದಿನಾ ಹತ್ತಿ ಅಲ್ಲಾಡ್ಸಿ ನೋಡ್ತೀಯೇನ್ಲಾ? ಇದೂ ಹಂಗೇಯ. ಹೊತ್ತು ಬರಗಂಟ ಬುಡು." ಅವನಿಗೆ ಆ ಮಾತಿನಿಂದ ಸಮಾಧಾನವಾಯಿತು. ನಿಜ ಹೇಳಬೇಕೆಂದರೆ ನನಗೂ ಆಯಿತು.

ಮಳೆ ಹಿಂದಾಗುವ ಹೊತ್ತಿಗೆ ಡಾಕ್ಟರು ಮುಟ್ಟಿ, ಕೆಮ್ಮಿಸಿ, ಮತ್ತೆ ಮುಟ್ಟಿ, ಕೂಡಿದೆ ಎಂದರು. ಇನ್ನು ಕೈ ಎತ್ತುವುದನ್ನು ಕಲಿಸಿ ಎಂದು ನನಗೆ ಹೇಳಿದರು. ಮದರಾಸಿನ ಹೆಣ್ಣುಮಗಳು ಅದನ್ನೂ ತೋರಿಸಿಕೊಟ್ಟಿದ್ದಳು. ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸಬೇಕು, ನೋವಾದ ಕಡೆ ನಿಲ್ಲಿಸಬೇಕು. ಪೂಜೆ ಮುಗಿಸಿ ವಿಭೂತಿಯ ಬೆರಳಲ್ಲೇ ಅಕ್ಕ ಅಟ್ಟದ ಮನೆಯ ಕೆಮ್ಮಣ್ಣಿನ ಗೋಡೆಯ ಮುಂದೆ ನಿಲ್ಲುತ್ತಿದ್ದರು. ಬೆರಳು ಎಲ್ಲಿಯವರೆಗೆ ಹೋಯಿತೋ ಅಲ್ಲಿ ಬಿಳಿಯ ಗುರುತು ಉಳಿಯುತ್ತಿತ್ತು. ಮೊದಲು ಗಲ್ಲದ ಮಟ್ಟ, ಆಮೇಲೆ ಮೂಗಿನ ಮಟ್ಟ. ಬಲಗೈ ಹಣೆ ದಾಟಿತು. ಎಡಗೈ ಕಿವಿಯ ಹತ್ತಿರ ಬಂದು ನಿಂತೇಬಿಟ್ಟಿತು. ಇಷ್ಟು ದಿನ ಕಟ್ಟಿಹಾಕಿದ್ದ ಭುಜ ಬಿಗಿದುಕೊಂಡಿತ್ತು. ಬಿಸಿನೀರಿನ ಶಾಖ ಕೊಟ್ಟೆ, ಕೊಬ್ಬರಿ ಎಣ್ಣೆ ತಿಕ್ಕಿದೆ. ಎಡಗೈಗೆ ಅವರು ಕೊಟ್ಟ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ. ಬೈಗುಳ ಮರಳಿ ಬಂತಲ್ಲ ಎಂದು ನನಗೆ ಒಳಗೊಳಗೇ ಹಿಗ್ಗು. ಇನ್ನೊಂದಿಷ್ಟು ಮೇಲೆ, ಇನ್ನೊಂದಿಷ್ಟು ಎಂದು ಅವರು ಹಟ ಮಾಡುತ್ತಾರೆಂದು ಕಾದಿದ್ದೆ. ಮಾಡಲಿಲ್ಲ. ನೋವು ಅಂದ ಕಡೆ ನಿಲ್ಲಿಸಿ, ನಾಳೆ ನೋಡ್ಕಳನ ಎಂದು ಕೈ ಇಳಿಸುತ್ತಿದ್ದರು. ಅಂಥ ತಾಳ್ಮೆ ಅವರಿಗೆ ಎಲ್ಲಿಂದ ಬಂತೋ ನಾನರಿಯೆ.

ದೀಪಾವಳಿ ಹತ್ತಿರವಿದ್ದ ಒಂದು ಭಾನುವಾರ ಬೆಳಿಗ್ಗೆ ಎಂದಿನಂತೆ ಬಾಚಣಿಗೆ ಹಿಡಿದು ಹೋದೆ. ಅಂಗಳದಲ್ಲಿ ಆಳುಗಳಿದ್ದರು, ತಮ್ಮ ಜಗಲಿಯ ಮೇಲೆ ಕೂತಿದ್ದ. ಅಕ್ಕ ನನ್ನತ್ತ ಬೆನ್ನು ಹಾಕಲಿಲ್ಲ. ಕೈ ಚಾಚಿ, "ತತ್ತನ್ನಿ ಇಲ್ಲಿ" ಎಂದರು. ಕೊಟ್ಟೆ. ಬಲಗೈ ಹೋಯಿತು. ಎಡಗೈ ಕಿವಿಯ ಹತ್ತಿರ ಒಂದು ಕ್ಷಣ ನಿಂತು, ಮೆಲ್ಲಗೆ ಕಿವಿ ದಾಟಿ ಹಿಂದಕ್ಕೆ ಹೋಯಿತು. ಬಾಚಿದರು. ಕೂದಲನ್ನು ಒಟ್ಟುಮಾಡಿ ಸುತ್ತಿದರು, ಜಾರಿ ಬೆನ್ನ ಮೇಲೆ ಬಿತ್ತು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಹಿಂದೆ ಸರಿಯಿರಿ ಎಂದು ಕಣ್ಣಲ್ಲೇ ಹೇಳಿದರು. ಕೈ ಇಳಿಸಿ, ದಮ್ಮು ತೆಗೆದುಕೊಂಡು, ಮತ್ತೆ ಎತ್ತಿ ಸುತ್ತಿದರು. ನಿಂತಿತು. ಅಂಗಳದಲ್ಲಿ ಯಾರೂ ಕೆಲಸ ಮಾಡುತ್ತಿರಲಿಲ್ಲ. ಅಕ್ಕ ಎಲ್ಲರನ್ನೂ ಒಂದು ಸುತ್ತು ನೋಡಿ, ತುರುಬಿನ ಮೇಲೆ ಅಂಗೈಯಿಂದ ಒಂದು ಸಲ ತಟ್ಟಿದರು. "ಏಣಿ ಅವತ್ತಿನಿಂದ ಅಲ್ಲೇ ಬಿದ್ದೈತಲ್ಲ, ಎತ್ತಿಡಕ್ಕೆ ಯಾರಿಗೂ ಕೈ ಇಲ್ವೇನ್ಲಾ?" ತಮ್ಮ ಎದ್ದು ಓಡಿದ, ಆಳುಗಳೂ ಓಡಿದರು. ಒಂದು ಏಣಿಗೆ ಅಷ್ಟು ಜನ ಕೈ ಹಾಕಿದ್ದನ್ನು ನಾನು ಕಂಡಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದನ್ನು ನೋಡಿಯೂ ನೋಡದವರ ಹಾಗೆ ಬಾಚಣಿಗೆಯನ್ನು ನನ್ನ ಕೈಗಿಟ್ಟು ಅಕ್ಕ ಹೇಳಿದರು: "ಇನ್ನು ಮ್ಯಾಲೆ ಈ ತಲೆ ಯಾರೂ ಮುಟ್ಟಂಗಿಲ್ಲ. ನೀವೂನೂವೆ."

ಆ ವಾರವೇ ಗೋಡೆಗೆ ಹೊಸದಾಗಿ ಕೆಮ್ಮಣ್ಣು ಸಾರಿಸಿ ವಿಭೂತಿಯ ಗುರುತನ್ನೆಲ್ಲ ಅಳಿಸಿಹಾಕಿದರು. ಇರಲಿ ಬಿಡಿ, ನೆನಪಿಗೆ ಎಂದೆ. ಗಲೀಜು ಕಾಣುತ್ತೆ ಎಂದರು. ಆಮೇಲಿನ ವರ್ಷಗಳಲ್ಲಿ ಹಾಲ್ಕುರಿಕೆಯಲ್ಲೋ ತುರುವೇಕೆರೆಯಲ್ಲೋ ಯಾರಾದರೂ ಎದೆಯ ಆಪರೇಷನ್ನು ಮಾಡಿಸಿಕೊಂಡು ಬಂದರೆಂದು ಸುದ್ದಿ ಸಿಕ್ಕರೆ ಸಾಕು, ತಮ್ಮನನ್ನು ಕಟ್ಟಿಕೊಂಡು ಹೊರಡುತ್ತಿದ್ದರು. ಬ್ರೆಡ್ಡು, ಮೂಸಂಬಿ ಅಲ್ಲ, ಬೂರುಗದ ಹತ್ತಿ ತುಂಬಿಸಿದ ಒಂದು ಗಟ್ಟಿ ದಿಂಬು ಒಯ್ಯುತ್ತಿದ್ದರು. ನೆಂಟರನ್ನು ದೂರ ಕೂರಿಸಿ, ಏಳುವುದು ಹೇಗೆ, ಕೆಮ್ಮುವುದು ಹೇಗೆ ಎಂದು ಮಾಡಿ ತೋರಿಸುತ್ತಿದ್ದರು. ಭಾರದ ಮಾತು ಬಂದರೆ ಮದರಾಸಿನವರ ಮಾತನ್ನು ತಿದ್ದಿ ಹೇಳುತ್ತಿದ್ದರು. ಒಂದು ಕಾಯಿ ಅಂದರೆ ದಿನಕ್ಕೆ ಒಂದು, ಸಾಲಿನಲ್ಲಿ ನಿಲ್ಲುವಂತಿಲ್ಲ. ಒಮ್ಮೆ ತುರುವೇಕೆರೆಯ ದಿನಸಿ ಅಂಗಡಿಯವರೊಬ್ಬರು ಇಷ್ಟೊಂದು ಕಟ್ಟುಪಾಡು ನನ್ನಿಂದಾಗದು ಎಂದಾಗ, ಅಕ್ಕ ಅವರೆದುರೇ ತುರುಬು ಬಿಚ್ಚಿ ಕಟ್ಟಿದರಂತೆ. ಅವರು ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲವೆಂದು ತಮ್ಮ ಬಂದು ಹೇಳಿ ನಕ್ಕ.

ನನಗೆ ತಿಪಟೂರಿಗೇ ವರ್ಗವಾಗಿ ಕೆಲವು ವರ್ಷಗಳಾಗಿವೆ. ಹೋದ ತಿಂಗಳು ಬೆಳಿಗ್ಗೆ ಆಳೊಬ್ಬ ಸೈಕಲ್ಲಿನಲ್ಲಿ ಬಂದು ಹೇಳಿದ. ಎದ್ದು, ಮಿಂದು, ಪೂಜೆ ಮಾಡಿ, ತಲೆ ಬಾಚಿಕೊಂಡು, ಜಗಲಿಗೆ ಬಂದು ಕೂತು, ಆಳುಗಳಿಗೆ ಕೆಲಸ ಹೇಳುತ್ತ ಕಂಬಕ್ಕೆ ಒರಗಿದರಂತೆ. ಅಷ್ಟೇ. ನಾನು ಹೋಗಿ ಹತ್ತಿರ ಕೂತೆ. ಟಿಕ್ ಟಿಕ್ ಇರಲಿಲ್ಲ. ನಮ್ಮಲ್ಲಿ ಸತ್ತವರನ್ನು ಮೀಯಿಸಿ, ವಿಭೂತಿ ಹಚ್ಚಿ, ಕೂರಿಸಿಯೇ ಒಯ್ದು ಅವರವರ ತೋಟದಲ್ಲೇ ಮಣ್ಣು ಮಾಡುತ್ತಾರೆ. ಹೆಂಗಸರು ನೀರು ಕಾಯಿಸಿದ್ದರು. ಹಿರಿಯಳೊಬ್ಬಳು ತಲೆಗೆ ನೀರು ಹಾಕಲೆಂದು ತುರುಬು ಬಿಚ್ಚಲು ಕೈ ನೀಡಿದಳು. ಬೇಡ ಎಂದೆ ನಾನು. ಶಾಸ್ತ್ರ ಎಂದಳು ಆಕೆ. ನಾನು ಆಕೆಯ ಕೈ ಹಿಡಿದುಕೊಂಡೆ. ಬಾಗಿಲಲ್ಲಿ ನಿಂತಿದ್ದ ತಮ್ಮ ಒಳಗೆ ನೋಡಿ, "ಬೆಳಿಗ್ಗೆ ಅವ್ಳೇ ಕಟ್ಕಂಡಿದ್ದು. ಹಂಗೇ ಇರ್ಲಿ ಬುಡಿ" ಎಂದ.

ಭುಜದಿಂದ ಕೆಳಗೆ ಮಾತ್ರ ನೀರು ಹಾಕಿದೆವು. ಅಕ್ಕ ತಾವೇ ಕಟ್ಟಿಕೊಂಡ ತುರುಬಿನಲ್ಲಿ, ನೆಟ್ಟಗೆ ಕೂತು, ತಮ್ಮದೇ ತೋಟಕ್ಕೆ ಹೋದರು.